ದೇವಣಿ: ಎರಡು ಟವರುಗಳ ನಡುವಿನ ಊರು

ಉದಗೀರದಿಂದ ದಕ್ಷಿಣಕ್ಕೆ ಹೊರಟ ಎಸ್.ಟಿ. ಬಸ್ಸು ಬಾಲಾಘಾಟದ ಕರಿ ಎರೆನೆಲದ ನಡುವೆ ಸಾಗಿ ದೇವಣಿಯನ್ನು ಮುಟ್ಟುತ್ತದೆ. ಊರಿನ ಪೂರ್ವಕ್ಕೆ ಕಮಲನಗರ, ಆಗ್ನೇಯಕ್ಕೆ ಭಾಲ್ಕಿ. ಎರಡೂ ಕರ್ನಾಟಕದ ಬೀದರ ಜಿಲ್ಲೆಯವು. ಪಶ್ಚಿಮಕ್ಕೆ ನಿಲಂಗಾ, ಅದರಾಚೆ ಉಮರ್ಗಾ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯ ಕಾಯ್ದೆ ಈ ಮೂರನ್ನು ಬೇರ್ಪಡಿಸಿ ಅಂದಿನ ಮುಂಬಯಿ ರಾಜ್ಯಕ್ಕೆ ಒಪ್ಪಿಸಿತು. 1960ರ ಮೇ 1ರಂದು ಅವು ಮಹಾರಾಷ್ಟ್ರದವಾದವು. 1982ರಲ್ಲಿ ಲಾತೂರ ಜಿಲ್ಲೆಯಾಯಿತು, ಮುಂದೆ ದೇವಣಿಯೂ ತಾಲ್ಲೂಕು ಕೇಂದ್ರವಾಯಿತು. ಬೀಗತನ, ಮಠ, ಜಾತ್ರೆ, ಎತ್ತಿನ ವ್ಯಾಪಾರ ಇವುಗಳಿಗೆ ಮಾತ್ರ ಆ ಕಾಯ್ದೆಯ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಊರಿನ ಹೆಸರನ್ನು ದೇಶಕ್ಕೆ ತಿಳಿಸಿದ್ದು ಎತ್ತು. ದೇವಣಿ ತಳಿಯಲ್ಲಿ ಮೂರು ಬಗೆ: ಮೈಯೆಲ್ಲ ಬಿಳುಪಾಗಿ ಮುಖದಲ್ಲಿ ಮಾತ್ರ ಕಪ್ಪಿರುವ ವಾನೇರಾ, ಹೊಟ್ಟೆಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳಿರುವ ಬಾಲಂಕ್ಯಾ, ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳ ವಾಘ್ಯಾ ಅಥವಾ ಶೇವರಾ. ಈ ಭಾಗದ ಒಕ್ಕಲಿಗನಿಗೆ ದೂರದಿಂದಲೇ ಎತ್ತಿನ ಗುರುತು ಸಿಗುತ್ತದೆ. ಸರ್ಕಾರಕ್ಕೆ ಆ ಕಣ್ಣಿಲ್ಲವಾದ್ದರಿಂದ ಈಗ ಪ್ರತಿ ದನದ ಕಿವಿಗೆ ಹಳದಿ ಬಿಲ್ಲೆ ಬಂದಿದೆ. ಅದರ ಮೇಲೆ ಹನ್ನೆರಡು ಅಂಕಿಗಳು. ಒಡೆಯನ ಆಧಾರ್ ಕಾರ್ಡಿನಲ್ಲಿಯೂ ಹನ್ನೆರಡೇ. ವ್ಯತ್ಯಾಸವಿಷ್ಟೇ: ಎತ್ತಿನ ಸಂಖ್ಯೆಯನ್ನು ಯಾರು ಓದಿದರೂ ಎತ್ತಿಗೆ ನಷ್ಟವಿಲ್ಲ.

ದನದ ಸಂತೆಯಲ್ಲಿ ಇನ್ನೊಂದು ಪದ್ಧತಿಯಿದೆ. ಉದಗೀರ ತಾಲ್ಲೂಕಿನ ಹಾಳಿ ಹಂಡರಗುಳಿಯ ಬಾಜಾರು ಈ ಸೀಮೆಯಲ್ಲಿ ಹೆಸರಾದುದು. ದಖ್ಖನಿನ ಇಂಥ ಸಂತೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳದಿರುವುದು ಹಳೆಯ ರೂಢಿ. ಕೊಳ್ಳುವವನೂ ಮಾರುವವನೂ ಟವೆಲಿನ ಅಡಿಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಒತ್ತಿ, ನೂರು ಸಾವಿರಗಳ ಲೆಕ್ಕ ಮುಗಿಸುತ್ತಾರೆ. ಸುತ್ತ ನಿಂತ ಐವತ್ತು ಜನಕ್ಕೆ ವ್ಯವಹಾರ ನಡೆದದ್ದು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಖಾಸಗಿತನವೆಂಬುದು ಪೇಟೆಯ ಓದಿದವರ ಚಿಂತೆ, ಹಳ್ಳಿಯವರಿಗೆ ಅದರ ಹಂಗಿಲ್ಲ ಎಂದು ವಾದಿಸುವವರು ಒಮ್ಮೆ ಈ ಟವೆಲನ್ನು ನೋಡಬೇಕು. ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಬೇಕು ಎಂಬ ವಿವೇಕ ಇಲ್ಲಿ ಮೊಬೈಲಿಗಿಂತ ಬಹಳ ಹಿಂದಿನಿಂದಲೂ ಇದೆ. ಆ ವಿವೇಕವನ್ನು ಬಳಸಲು ಎದುರಿನ ಕಾಗದ ಓದಲು ಬರಬೇಕು, ತೊಡಕಿರುವುದು ಅಲ್ಲಿ.

ಇಂಥ ತಾಲ್ಲೂಕು ಊರುಗಳ ಮೊಬೈಲ್ ಅಂಗಡಿಗಳ ಮುಂದೆ ಕಂಪನಿಗಳ ಕುರಿತ ಅಭಿಪ್ರಾಯಗಳಿಗೆ ಬರವಿಲ್ಲ. ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ತಿಂಗಳಿನ ದೂರು. ಮನುಷ್ಯರ ತಿಂಗಳಿಗೆ ಮೂವತ್ತು ದಿನ, ಕಂಪನಿಯ ತಿಂಗಳಿಗೆ ಇಪ್ಪತ್ತೆಂಟು. ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ರೀಚಾರ್ಜು. ಈ ಲೆಕ್ಕವನ್ನು ಶಾಲೆಗೆ ಹೋಗದ ಮುದುಕರೂ ಬಿಡಿಸಬಲ್ಲರು. ದೂರು ದಿಲ್ಲಿಗೂ ಮುಟ್ಟಿತು: ಮೂವತ್ತು ದಿನದ ಒಂದು ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಇನ್ನೊಂದನ್ನೂ ಪ್ರತಿ ಕಂಪನಿ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಆಜ್ಞಾಪಿಸಿತು. 2024ರ ಜುಲೈನಲ್ಲಿ ದರಗಳು ಏರಿದಾಗ ಎದ್ದ ಇನ್ನೊಂದು ಮಾತು, ಬರೀ ಮಾತನಾಡುವ ಫೋನಿಗೆ ಇಂಟರ್ನೆಟ್ಟಿನ ಹಣವೇಕೆ ಎಂಬುದು. ಅದೇ ವರ್ಷದ ಡಿಸೆಂಬರಿನಲ್ಲಿ ಕರೆ ಮತ್ತು ಸಂದೇಶಗಳಿಗಷ್ಟೇ ಪ್ರತ್ಯೇಕ ಯೋಜನೆ ಇಡಬೇಕೆಂಬ ನಿಯಮವೂ ಬಂತು. ನಿಯಮ ಬಂದದ್ದು ಗುಂಡಿಯ ಫೋನು ಹಿಡಿದ ಅಜ್ಜನಿಗೆ ಯಾರಾದರೂ ಹೇಳಿದರಷ್ಟೇ ತಿಳಿಯುತ್ತದೆ. ಕೇಳದೆ ಹೇಳುವ ಅಂಗಡಿಕಾರರು ವಿರಳ.

ಗಡಿಯ ಊರಿಗೆ ಇವುಗಳ ಮೇಲೆ ತನ್ನದೇ ಒಂದು ಫಜೀತಿಯಿತ್ತು. ದೂರಸಂಪರ್ಕ ಇಲಾಖೆ ದೇಶವನ್ನು ಪರವಾನಗಿಯ ವಲಯಗಳಾಗಿ ಹಂಚಿದಾಗ ವಲಯದ ಗಡಿಗಳು ಬಹುಮಟ್ಟಿಗೆ ರಾಜ್ಯದ ಗಡಿಗಳೇ ಆದವು. 1956ರ ಗೆರೆಯನ್ನು ಆಕಾಶದಲ್ಲಿ ಎರಡನೆಯ ಸಲ ಎಳೆದಂತಾಯಿತು. ಫೋನು ಗೆರೆಯನ್ನರಿಯದು, ತನ್ನ ವಲಯದ ಟವರು ಕ್ಷೀಣಿಸಿದೊಡನೆ ನೆರೆವಲಯದ ಟವರಿಗೆ ಅಂಟಿಕೊಳ್ಳುತ್ತದೆ. 2013ರ ಜೂನ್‌ವರೆಗೆ ಹೀಗೆ ರೋಮಿಂಗಿಗೆ ಜಾರಿದ ಫೋನಿಗೆ ಬಂದ ಕರೆಗೆ ನಿಮಿಷಕ್ಕೆ 1 ರೂಪಾಯಿ 75 ಪೈಸೆಯವರೆಗೂ ಕೊಡಬೇಕಿತ್ತು. ಆ ಜುಲೈನಿಂದ ಗರಿಷ್ಠ 75 ಪೈಸೆ, 2015ರ ಮೇ ತಿಂಗಳಿಂದ 45 ಪೈಸೆ. ಹೊಲದ ಈ ಬದುವಿನಲ್ಲಿ ಪುಕ್ಕಟೆ, ಆ ಬದುವಿನಲ್ಲಿ ರೊಕ್ಕ. 2016ರ ಸೆಪ್ಟೆಂಬರಿನಲ್ಲಿ ಜಿಯೋ ರೋಮಿಂಗ್ ಶುಲ್ಕವಿಲ್ಲದೆ ಬಂದಿತು, ಮರುವರ್ಷ ಏರ್‌ಟೆಲ್ ಸಹ ಅದನ್ನು ಕೈಬಿಟ್ಟಿತು. ಗಡಿ ವಿವಾದದಲ್ಲಿ ಯಾವ ಆಯೋಗವೂ ಮಾಡದ ಕೆಲಸವನ್ನು ವ್ಯಾಪಾರದ ಪೈಪೋಟಿ ಮಾಡಿತೆಂದು ಹೇಳಿದರೆ ತಪ್ಪಾಗದು.

ಭಾಲ್ಕಿ, ಔರಾದಗಳ ಕಡೆಯಿಂದ ಈ ಊರುಗಳಿಗೆ ಸೊಸೆಯರಾಗಿ ಬಂದವರು ತವರಿನಿಂದ ಕರ್ನಾಟಕದ ಸಿಮ್ಮನ್ನೂ ತಂದರು. 2015ರ ಜುಲೈ 3ರವರೆಗೆ ಬೇರೆ ವಲಯಕ್ಕೆ ಹೋದವರು ಹಳೆಯ ನಂಬರನ್ನು ಉಳಿಸಿಕೊಂಡು ಅಲ್ಲಿಯ ಚಂದಾದಾರರಾಗುವಂತಿರಲಿಲ್ಲ. ಆದ್ದರಿಂದ ಇಂಥ ಮನೆಗಳಲ್ಲಿ ಎರಡು ಸಿಮ್ಮಿನ ಫೋನು ಚೈನಿಯಲ್ಲ, ಅಗತ್ಯವಾಗಿತ್ತು: ಒಂದು ಅತ್ತೆಮನೆಗೆ, ಒಂದು ತವರಿಗೆ.

ಈಗ ಹಣದ ಗಡಿ ಅಳಿಸಿದೆ, ಭಾಷೆಯದು ಉಳಿದಿದೆ. ಮಹಾರಾಷ್ಟ್ರದ ಸಿಮ್ಮಿಗೆ ಕಂಪನಿಯ ದನಿ ಮರಾಠಿಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತದೆ. ಮರಾಠಿ ಇಲ್ಲಿ ಪರಕೀಯವಲ್ಲ. ಗಡಿಯ ಕನ್ನಡಿಗರು ಅದನ್ನು ತಮ್ಮದೆಂದೇ ಆಡುತ್ತಾರೆ. ಆದರೆ ಆಡುವುದು ಬೇರೆ, ಓದುವುದು ಬೇರೆ. ಆಚೆಯ ಶಾಲೆಯಲ್ಲಿ ಕನ್ನಡವನ್ನಷ್ಟೇ ಕಲಿತು ಬಂದ ತಾಯಿಗೆ, ಅಕ್ಷರವೆಂದರೆ ಕನ್ನಡವೇ ಆಗಿರುವ ಅಜ್ಜಿಗೆ, ಬ್ಯಾಂಕಿನ ಸಂದೇಶವೂ ಕಂಪನಿಯ ಸಂದೇಶವೂ ಒಂದೇ ತೆರನ ಗೀಟುಗಳು. "ಏನ್ ಬಂದದ ನೋಡಪಾ" ಎಂದು ಅವರು ಫೋನನ್ನು ಮೊಮ್ಮಗನ ಕೈಗೆ ಕೊಡುತ್ತಾರೆ. ಪಿಂಚಣಿ ಎಷ್ಟು ಬಂತು, ಸ್ವಸಹಾಯ ಸಂಘದ ಕಂತು ಎಷ್ಟು ಬಾಕಿ, ಆಸ್ಪತ್ರೆ ಯಾವ ತಪಾಸಣೆಗೆ ಕರೆದಿದೆ ಎಲ್ಲವನ್ನೂ ಹನ್ನೆರಡು ವರ್ಷದ ಹುಡುಗ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ. ಒಟಿಪಿಯನ್ನೂ ಅವನೇ ಓದುತ್ತಾನೆ. ದತ್ತಾಂಶದ ಕಳವಿನ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಅಂಗಳದ ಪ್ರಸ್ತಾಪ ಬರುವುದೇ ಇಲ್ಲ. ತಿಳಿಯದ ಲಿಪಿ ಮನುಷ್ಯನ ಗುಟ್ಟನ್ನು ಮೊದಲು ಕಸಿಯುವುದು ಅವನ ಸ್ವಂತ ಮನೆಯಲ್ಲಿ.

ಹೆಬ್ಬೆಟ್ಟಿನ ವಿಷಯ ಇನ್ನೂ ಸೂಕ್ಷ್ಮವಾದುದು. ಕಳೆ ಕಿತ್ತು, ತೊಗರಿ ಬಡಿದು ಸವೆದ ಬೆರಳು ಯಂತ್ರಕ್ಕೆ ಒಂದೇ ಸಲಕ್ಕೆ ತಿಳಿಯುವುದಿಲ್ಲ. "ಅಂಗೂಠಾ ಬರಲಿಲ್ಲ, ಮತ್ತೊಮ್ಮೆ ಹಚ್ಚರಿ" ಎಂಬ ಮಾತಿಗೆ ಯಾರೂ ಸಂಶಯಪಡರು. ಬಹುತೇಕ ಅಂಗಡಿಗಳಲ್ಲಿ ಅದು ನಿಜವಾದ ಮಾತೇ. ಆದರೆ ದೇಶದ ಹಲವೆಡೆ ಎರಡನೆಯ ಹೆಬ್ಬೆಟ್ಟಿನಿಂದ ಎರಡನೆಯ ಸಿಮ್ಮು ಹುಟ್ಟಿ ಅಪರಿಚಿತರ ಕೈಸೇರಿದ ಪ್ರಕರಣಗಳು ಪೊಲೀಸರ ದಾಖಲೆಗಳಲ್ಲಿವೆ. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ತನ್ನದಲ್ಲದುದನ್ನು ತಿಳಿಸಬಹುದು. ಹಣ ಕಳೆದುಕೊಂಡವರಿಗೆ 1930 ಎಂಬ ಸಹಾಯವಾಣಿಯಿದೆ.

ಸಿಮ್ಮಿಗೆ ಆಧಾರ್ ಜೋಡಿಸದಿದ್ದರೆ ಫೋನು ಸತ್ತೇಹೋಗುತ್ತದೆಂದು 2017ರಲ್ಲಿ ಹಳ್ಳಿಹಳ್ಳಿಯಲ್ಲಿ ಸುದ್ದಿ ಹಬ್ಬಿತ್ತು. ಆ ವರ್ಷದ ಮಾರ್ಚಿನಲ್ಲಿ ಇಲಾಖೆ ಹೊರಡಿಸಿದ ಸುತ್ತೋಲೆ ಅದರ ಮೂಲ. ಅದನ್ನು ಮುರಿದ ಮೊಕದ್ದಮೆಗೆ ಕನ್ನಡಿಗರೊಬ್ಬರ ಹೆಸರಿದೆಯೆಂಬುದನ್ನು ಗಡಿಯ ಮಕ್ಕಳು ತಿಳಿದಿರಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಉಳಿಸಿ, ಸಿಮ್ಮಿಗೆ ಅದನ್ನು ಕಡ್ಡಾಯವಾಗಿ ಜೋಡಿಸುವುದನ್ನು ರದ್ದುಪಡಿಸಿತು. 2019ರ ತಿದ್ದುಪಡಿಯ ನಂತರ ಅದು ಚಂದಾದಾರನ ಇಚ್ಛೆಗೆ ಬಿಟ್ಟ ಸಂಗತಿ. ಬೇರೆ ಗುರುತಿನ ಚೀಟಿಯನ್ನೂ ಕೊಡಬಹುದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಬಿಲ್ಲಿನ ಜಗಳಕ್ಕೂ ದಾರಿ ತೆರೆದಿದೆ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ 1885ರ ಟೆಲಿಗ್ರಾಫ್ ಕಾಯ್ದೆಯನ್ನು ಆಧರಿಸಿ, ಟೆಲಿಫೋನ್ ತಕರಾರುಗಳು ಗ್ರಾಹಕ ವೇದಿಕೆಗೆ ಬರಲಾರವು ಎಂದಿತ್ತು. ತಿಂಗಳಿಗೆ ಸುಮಾರು 555 ರೂಪಾಯಿ ಕಟ್ಟುತ್ತಿದ್ದ ಅಹಮದಾಬಾದಿನ ಚಂದಾದಾರರೊಬ್ಬರಿಗೆ ಒಮ್ಮೆ 24,609 ರೂಪಾಯಿಯ ಬಿಲ್ಲು ಬಂದು, ಆ ವ್ಯಾಜ್ಯ ಬೆಳೆದು, 2022ರ ಫೆಬ್ರವರಿ 16ರಂದು ಅದೇ ನ್ಯಾಯಾಲಯ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇದೆಯೆಂದಿತು. 2019ರ ಕಾಯ್ದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ದೇವಣಿಯವರಿಗೆ ಅದು ಲಾತೂರು. ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದಾಖಲಿಸಿ, ಸಂಖ್ಯೆ ಪಡೆದು, ಬರೆದಿಟ್ಟುಕೊಂಡಿರಬೇಕು. ಬರೆದಿಡದೆ ಕೈಚೆಲ್ಲಿದವರೇ ಹೆಚ್ಚು.

ಇಷ್ಟಾದ ಮೇಲೆ ಶಾಲೆಯ ಮಾತು. ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆಗಳ ಮಂಜೂರಾತಿಗೆ, ಅಂದರೆ ಸಂಚ ಮಾನ್ಯತೆಗೆ, ಆಧಾರ್ ತಾಳೆಯಾದ ಮಕ್ಕಳ ಸಂಖ್ಯೆಯನ್ನೇ ಹಿಡಿಯುವ ಪದ್ಧತಿ ಬಂದಿದೆ. ಮರಾಠಿ ಶಾಲೆಗೆ ಇದು ತಲೆನೋವು; ಮಕ್ಕಳ ಸಂಖ್ಯೆಯೇ ಕಡಿಮೆಯಿರುವ ಕನ್ನಡ ಶಾಲೆಗೆ ಜೀವದ ಪ್ರಶ್ನೆ. ಶಾಲೆಯ ರಜಿಸ್ಟರಿನಲ್ಲಿ ಶರಣಪ್ಪ. ಆಧಾರ್ ಕೇಂದ್ರದ ಮರಾಠಿಯಲ್ಲಿ ಶರಣಾಪ್ಪಾ. ಇಂಗ್ಲಿಷಿಗೆ ಹೋಗುವಾಗ ಒಂದು ಅಕ್ಷರ ಹೆಚ್ಚೋ ಕಡಿಮೆಯೋ. ಮರಾಠಿಯ ಬರಹಕ್ಕೆ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವಿಲ್ಲ. ಒಂದು ದೀರ್ಘದ ತಪ್ಪಿಗೆ ಒಂದು ಮಗು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅಂಥ ಕೆಲವು ಮಕ್ಕಳಿಂದ ಒಂದು ಹುದ್ದೆ. ಹೀಗಿರುವಾಗ, ಕನ್ನಡ ಶಾಲೆಯ ಪಾಲಕರಿಗೆ "ಮಾಹಿತಿ ಕೊಡಬೇಡಿ" ಎಂದು ಉಪದೇಶಿಸುವುದು ಸುಲಭ, ಕೊಡದೆ ನಿಭಾಯಿಸುವುದು ಕಷ್ಟ. ಅವರಿಗೆ ಬೇಕಾದುದು ಕೊಡುವುದೇನೆಂದು ತಿಳಿದು ಕೊಡುವ ಅವಕಾಶ.

ಆ ಅವಕಾಶಕ್ಕೆ ಕಾಯ್ದೆಯಲ್ಲಿ ಒಂದು ಎಳೆಯಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಗಂಡು ಹೆಣ್ಣೆನ್ನದೆ, ಪ್ರತಿ ವ್ಯಕ್ತಿಯನ್ನೂ 'ಆಕೆ' ಎಂದೇ ಕರೆಯುತ್ತದೆ. ಆಕೆಯ ಸಮ್ಮತಿ ಕೇಳುವ ಪತ್ರ ಸರಳ ಭಾಷೆಯಲ್ಲಿರಬೇಕು. ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆ ಆಕೆಗಿರಬೇಕು. ಇಲ್ಲಿ ರಾಜ್ಯಭಾಷೆಯ ಮಾತೇ ಇಲ್ಲ. ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು; ದೇವಣಿಯಲ್ಲಿ ಕೂತು ಕೇಳಿದರೂ ಬೆಂಗಳೂರಿನಲ್ಲಿ ಕೇಳಿದರೂ ಹಕ್ಕು ಒಂದೇ ತೂಕದ್ದು. ಹದಿನೆಂಟು ವರ್ಷದೊಳಗಿನವರ ಪರವಾಗಿ ಪಾಲಕರ ಸಮ್ಮತಿ ಬೇಕು. ಕಾಯ್ದೆಯಲ್ಲಿ ಕೊರತೆಗಳಿಲ್ಲವೆಂದಲ್ಲ: ಸರ್ಕಾರದ ಸವಲತ್ತು, ಪ್ರಮಾಣಪತ್ರಗಳಿಗೆ ಸಮ್ಮತಿಯಿಲ್ಲದೆಯೂ ಮಾಹಿತಿ ಬಳಸಲು ಎಡೆಯಿದೆ, ದಂಡ 250 ಕೋಟಿಯವರೆಗೆ ಬೀಳಬಹುದಾದರೂ ಅದು ಸರ್ಕಾರದ ಖಜಾನೆಗೆ ಹೋಗುತ್ತದೆ, ನೊಂದ ಆಕೆಗೆ ಬಿಡಿಗಾಸೂ ಇಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕಲಮುಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿದೆ.

ಕಮಲನಗರದಲ್ಲಿ ಹುಟ್ಟಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯ ಮನೆಮಾತು. ಇಂದು ಹಾಗೆ ಮರೆಮಾಚಬೇಕಾಗಿಲ್ಲ. ಪುಣೆಯ ಬಾಲಭಾರತಿ ಸಂಸ್ಥೆ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಕನ್ನಡವೂ ಅವುಗಳಲ್ಲೊಂದು. ಭೂಗೋಳವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಅಚ್ಚು ಮಾಡುವ ರಾಜ್ಯಕ್ಕೆ ಒಂದು ಪುಟದ ಸಮ್ಮತಿ ಪತ್ರ ಭಾರವಾಗಲಾರದು. ವಿದ್ಯಾರ್ಥಿಗಳ 'ಅಪಾರ್' ಗುರುತು ಸಂಖ್ಯೆಗೆ ಪಾಲಕರ ಸಹಿ ಕೇಳುವ ಪತ್ರ ಈಗಾಗಲೇ ಮನೆಮನೆಗೆ ಬಂದಿದೆ. ಕೊಟ್ಟ ಸಮ್ಮತಿಯನ್ನು ಹಿಂಪಡೆಯಬಹುದೆಂಬ ಸಾಲು ಅದರಲ್ಲಿರುವುದನ್ನು ಓದಿ ಸಹಿ ಹಾಕಿದವರು ಎಷ್ಟು ಮಂದಿ?

ಶಿಕ್ಷಣ ಹಕ್ಕಿನ ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ. ಮಕ್ಕಳ ಮಾಹಿತಿಯ ಪ್ರತಿಯೊಂದು ಪತ್ರವೂ ಕನ್ನಡದಲ್ಲಿ ಬರಲಿ ಎಂಬ ಠರಾವನ್ನು ಜೂನ್ ತಿಂಗಳ ಮೊದಲ ಸಭೆಯಲ್ಲಿಯೇ ಅವರು ಮಾಡಬಹುದು. ಒಂದು ಪ್ರತಿ ಗಟ ಶಿಕ್ಷಣಾಧಿಕಾರಿಗಳ ಕಚೇರಿಗೆ, ಒಂದು ಜಿಲ್ಲಾ ಪರಿಷತ್ತಿಗೆ. ಮೂರನೆಯದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿ ಶಾಲೆಯ ಕಡತದಲ್ಲಿ ಇಟ್ಟುಕೊಳ್ಳಬೇಕು.