ಇಳಿಜಾರಿನ ಪಾಠ

ಪುಣೆಯ ಕಚೇರಿಗೆ ರಜೆ ಹಾಕಿ ಸಾಗರದ ತೋಟಕ್ಕೆ ಬಂದ ನಾವು ಗಂಡಹೆಂಡಿರು, ಅಪ್ಪಯ್ಯನ ಹಳೆಯ ಪವರ್ ಟಿಲ್ಲರನ್ನು ಹದಿನೆಂಟು ದಿನ ಬಿಚ್ಚಿ ಜೋಡಿಸಿದೆವು. ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಎಸ್‌ಟಿ ಸಂಸ್ಥೆಯದು ಅದು. ಸಿಲಿಂಡರ್ ಒಂದು, ಚಕ್ರ ಎರಡು. ಡೀಸೆಲ್ ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನು ಹೊರಬಿಟ್ಟ ಮೇಲೆ ಎಂಜಿನ್ ಗುಡುಗಿತು. ಬಣ್ಣ ಮಾತ್ರ ಬಳಿಯಲಿಲ್ಲ. ಹಿಡಿಗಳ ಮೇಲಿನ ಸವೆತ ಅಪ್ಪಯ್ಯನದು.

ಎಡಹಿಡಿಯ ಕ್ಲಚ್ ಅದುಮಿದರೆ ಎಡಚಕ್ರಕ್ಕೆ ಎಂಜಿನ್ನಿನ ಬಲ ತಪ್ಪಿ ಯಂತ್ರ ಎಡಕ್ಕೆ ಹೊರಳುತ್ತದೆ. ಇಳಿಜಾರಿನಲ್ಲಿ ಹಾಗಲ್ಲ, ಬಿಡುಗಡೆಗೊಂಡ ಚಕ್ರವೇ ಮುಂದೋಡಿ ತಿರುವು ತಿರುಗುಮುರುಗಾಗುತ್ತದೆ. ಕಡತಗಳ ನಡುವೆ ಬದುಕಿದ ನಮಗೆ ಇದೆಲ್ಲಿ ತಿಳಿಯಬೇಕು? ತೋಟಕ್ಕಿಳಿಯುವಾಗ ಎಡಕ್ಲಚ್ ಅದುಮಿದೆವು; ಟಿಲ್ಲರ್ ಬಲಗಡೆಯ ಬಸಿಗಾಲುವೆಗೆ ನುಗ್ಗಿತು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಮಾತು ಕಳೆದುಕೊಂಡ ಅಪ್ಪಯ್ಯ ಜಗಲಿಯಿಂದ ಬಲಗೈ ಎತ್ತಿ ಆಡಿಸುತ್ತಲೇ ಇದ್ದರು. ನಾವು ಅದನ್ನು ಆಶೀರ್ವಾದವೆಂದುಕೊಂಡಿದ್ದೆವು.

ಸಂಜೆ ಅವರು ನಮ್ಮ ಬಲಗೈ ಬೆರಳುಗಳನ್ನು ಹಿಡಿದು, ಎರಡು ಸಲ, ಮೆಲ್ಲನೆ ಅದುಮಿ ತೋರಿಸಿದರು.