ಉಪಚರಿಸುವವನ ಹೆಗಲು
ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಎತ್ತು-ಎಮ್ಮೆಗಳು ಒಕ್ಕಲು ಮನೆತನಗಳ ಆಧಾರ. 2022ರಲ್ಲಿ ಚರ್ಮಗಂಟು ರೋಗವು ಹಾವೇರಿ ಜಿಲ್ಲೆಯ ದನಕರುಗಳನ್ನು ಪೀಡಿಸಿತು. ಅಂಥ ಸಮಯದಲ್ಲಿ ಚಿಕಿತ್ಸಾಲಯದ ಕಟ್ಟಡವೊಂದೇ ಸಾಲದು. ನುರಿತ ವೈದ್ಯನೂ ದನ ಹಿಡಿಯಬಲ್ಲ ಸಹಾಯಕನೂ ಬೇಕು.

ಪಶುಚಿಕಿತ್ಸೆಗೆ ಮುಂದಾಗುವ ಬಸದಿಯ ಟ್ರಸ್ಟು 'ಜೀವದಯೆಯೇ ಧರ್ಮ' ಎಂದು ಫಲಕ ಬರೆಸಬಹುದು. ಅದನ್ನು ನಂಬಿ ಯುವಕನೊಬ್ಬ ಕೆಲಸಕ್ಕೆ ಬರಲೂಬಹುದು. ಆದರೆ ಅವನನ್ನು ಉಳಿಸಿಕೊಳ್ಳುವುದು ಅವನ ದಿನಚರಿ. ನಡುರಾತ್ರಿ ಈಯಲಾರದೆ ನರಳುವ ಎಮ್ಮೆಯ ಬಳಿ ನಿಂತವನಿಗೆ ಮರುದಿನ ವಿಶ್ರಾಂತಿಯುಂಟೆ? ಕಂದು ಹಾಕುವ ರೋಗವು ಆಕಳಿನಿಂದ ಮನುಷ್ಯನಿಗೂ ತಗಲಬಲ್ಲದು. ಅವನಿಗೆ ಕೈಗವಸು ಉಂಟೆ? ಹುಚ್ಚುನಾಯಿ ರೋಗದ ಲಸಿಕೆಯನ್ನು ಮುಂಚಿತವಾಗಿ ಹಾಕಿಸಲಾಗಿದೆಯೆ? ಸಂಬಳ ಕಾಲಕ್ಕೆ ಸಲ್ಲುತ್ತದೆಯೆ?

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಎಣಿಸಿದೆ. ಎತ್ತಿನ ಮೇಲೆ ಹೊರಲಾರದ ಹೊರೆ ಹೇರುವುದು ದೋಷವಾದರೆ, ಎತ್ತನ್ನು ಉಪಚರಿಸುವವನ ಮೇಲೆ ಹೇರುವುದು ಹೇಗೆ ನಿರ್ದೋಷವಾದೀತು? ಸೇವೆಯೆಂದು ಕರೆದ ಮಾತ್ರಕ್ಕೆ ಭಾರ ಹಗುರಾಗದು. ಕೊಟ್ಟಿಗೆಯಲ್ಲಿ ತೋರುವ ದಯೆ ಹಾಜರಿ ಪುಸ್ತಕದಲ್ಲಿಯೂ ಕಾಣಬೇಕು. ಹಾಗಾದಾಗ ಸಿಬ್ಬಂದಿಯನ್ನು ಅರಸಿ ಅಲೆಯುವ ಶ್ರಮ ಕಡಿಮೆಯಾದೀತು; ಇದ್ದವರೇ ತಮ್ಮೂರಿನ ಇನ್ನೊಬ್ಬನನ್ನು ಕರೆತಂದಾರು.