ಪದ್ಮಿನಿಯ ತಲೆಮೇಲಿನ ಬಟ್ಟೆ

1998ರಲ್ಲಿ ಕೊಂಡ ನಮ್ಮ ಪ್ರೀಮಿಯರ್ ಪದ್ಮಿನಿಯ ರೂಫ್ ಲೈನಿಂಗ್ ಜೋತು ಬಿದ್ದು ಎರಡು ಮಳೆಗಾಲ ಆಗಿತ್ತು. ಬ್ರೇಕ್ ಹಾಕಿದರೆ ನನ್ನ ಬೋಳುತಲೆಗೆ ಪುಡಿ ಉದುರುತ್ತಿತ್ತು. “ರೀ, ರೇಷ್ಮೆ ಸೀರೆ ಉಟ್ಟು ಇದರಲ್ಲಿ ಕೂರಲ್ಲ” ಅಂದಳು ಮನೆಯವಳು. ಕುರ್ಲಾದಲ್ಲಿ ತಯಾರಾದ ಗಾಡಿ, ಅಲ್ಲಿನ ಸೀಟ್‌ವಾಲಾ ಕೈಗೇ ಕೊಟ್ಟೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ನಿಂತಿತಲ್ಲ, ಈ ಕೆಲಸ ಬಲ್ಲವರು ಸಿಗೋದೇ ಕಷ್ಟ.

ಇದು ಬರೀ ಅಂಟಿಸೋ ಕೆಲಸ ಅಲ್ಲ ಸ್ವಾಮಿ. ಮುಂದಿನ, ಹಿಂದಿನ ಗಾಜು ಬಿಚ್ಚಬೇಕು. ಬಟ್ಟೆಯ ಅಂಚು ಆ ರಬ್ಬರಿನಡಿ ಇರುತ್ತೆ. ಮೇಲೆ ಹೊಲಿದ ಪಟ್ಟಿಗಳೊಳಗೆ ಬಾಗಿದ ಕಂಬಿಗಳು, ಒಂದೊಂದರ ಬಾಗು ಬೇರೆ. ಅದಲುಬದಲಾದರೆ ಸುಕ್ಕು. ವೋಚರಿಗೆ ಹಾಕುವಂತೆ ನಾನೇ ಕಂಬಿಗಳಿಗೆ ಚಾಕ್‌ಪೀಸಿನಲ್ಲಿ ನಂಬರ್ ಹಾಕಿ ಬ್ಯಾಂಕಿಗೆ ಹೋದೆ.

ಮರುದಿನ ಸಂಜೆ ಹೋದಾಗ ಹೊಸ ರೆಕ್ಸಿನ್ ತಮಟೆಯ ಹಾಗೆ ಬಿಗಿಯಾಗಿತ್ತು. ಕಣ್ಣು ಹಿಂದಿನ ಸೀಟಿನ ಎಡಗಡೆ ಹೋಯಿತು. ಅಲ್ಲೊಂದು ಕಂದು ಕಲೆ ಇತ್ತು. ಅಪ್ಪ ಆರಡಿ ಆಳು, ಊರಿಂದ ಬಂದಾಗಲೆಲ್ಲ ಅಲ್ಲೇ ಕೂರುತ್ತಿದ್ದರು. ಅವರ ತಲೆಯ ಹರಳೆಣ್ಣೆ ಅದು. ಆ ತುಂಡು ಕತ್ತರಿಸಿಡಿ ಅನ್ನೋದನ್ನೇ ಮರೆತಿದ್ದೆ.

“ಹಳೇದು?”

“ಕಚರಾ ಗಾಡಿ ನಿನ್ನೇನೇ ಒಯ್ತು ಸಾಬ್.”

ಮನೆಯಲ್ಲಿ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ.